ಪೊಟರೆಯೋ ಪೊದೆಯೋ: ಏವಿಯರಿಯಲ್ಲಿ ಫಿಂಚ್‌ಗಳ ಗೂಡು

ಏವಿಯರಿ ಕಟ್ಟಲು ಹೊರಟವರು ಮೊದಲು ಜಾಗ ಅಳೆಯುತ್ತಾರೆ. ಆಮೇಲೆ ಕಬ್ಬಿಣದ ಚೌಕಟ್ಟು, ಜಾಲರಿ, ಮೇಲಿನ ಶೀಟು, ಕೊನೆಗೆ ಹಕ್ಕಿಗಳು. ಗೂಡಿನ ಮಾತು ಬರುವುದು ಅಂಗಡಿಯಲ್ಲಿ ದುಡ್ಡು ಎಣಿಸುವ ಹೊತ್ತಿಗೆ. ಅಲ್ಲಿ ಸಿಕ್ಕ ನಾಲ್ಕು ಮಡಕೆಗಳನ್ನು ತಂದು ಜಾಲರಿಗೆ ತಂತಿಯಲ್ಲಿ ಬಿಗಿದರೆ ಆ ಕೆಲಸ ಮುಗಿದಂತೆ. ಝೀಬ್ರಾ ಫಿಂಚ್ ಅಂಥ ಮಡಕೆಯಲ್ಲೂ ಮೊಟ್ಟೆ ಇಟ್ಟು ಮರಿ ಮಾಡುವುದರಿಂದ ಅದರಲ್ಲಿ ಕೊರತೆಯೇನೂ ಕಾಣುವುದಿಲ್ಲ. ತೊಡಕು ಶುರುವಾಗುವುದು ಅದೇ ಮನೆಗೆ ಗೋಲ್ಡಿಯನ್, ಕಾರ್ಡನ್ ಬ್ಲೂ, ಕ್ಯಾನರಿಗಳು ಬಂದಾಗ. ತಿಂಗಳುಗಟ್ಟಲೆ ಮೊಟ್ಟೆಯಿಲ್ಲ, ಇದ್ದರೂ ಕಾವಿಲ್ಲ, ಮರಿಯಾದರೂ ಗೂಡಿನಿಂದ ಕೆಳಗೆ. ಆಗ ಕಾಳು ಬದಲಾಗುತ್ತದೆ, ಔಷಧಿ ಬರುತ್ತದೆ, ಜೋಡಿಯನ್ನೇ ಬದಲಿಸುವುದೂ ಉಂಟು. ಗೂಡು ಮಾತ್ರ ಇದ್ದಲ್ಲೇ ಇರುತ್ತದೆ.

ಅಂಗಡಿಯಲ್ಲಿ ಫಿಂಚ್ ಎಂಬ ಒಂದೇ ಹೆಸರಿನಡಿ ಸಿಗುವ ಹಕ್ಕಿಗಳು ಗೂಡಿನ ವಿಷಯದಲ್ಲಿ ಒಂದೇ ಮನೆತನದವಲ್ಲ. ಝೀಬ್ರಾ, ಬೆಂಗಾಲಿ, ಗೋಲ್ಡಿಯನ್, ಜಾವಾ ಗುಬ್ಬಿ, ಕಾರ್ಡನ್ ಬ್ಲೂ, ಇವೆಲ್ಲ ನಮ್ಮ ಹೊಲದಂಚಿನ ರಾಟವಾಳಗಳ ಬಳಗ. ಇವುಗಳಿಗೆ ಮೇಲ್ಛಾವಣಿಯಿರುವ, ಮುಚ್ಚಿದ ಗೂಡೇ ಬೇಕು. ಕ್ಯಾನರಿಯದು ಬೇರೆ ಕುಟುಂಬ, ಅದು ಬಟ್ಟಲಿನಂಥ ತೆರೆದ ಗೂಡಿನಲ್ಲಿ ಕಾವು ಕೂರುತ್ತದೆ. ರಾಟವಾಳದ ಬಳಗದೊಳಗೂ ಎರಡು ದಾರಿಗಳಿವೆ. ಕೆಲವು ಮರದ ಪೊಟರೆ ಹುಡುಕುತ್ತವೆ, ಕೆಲವು ಪೊದೆಯ ನಡುವೆ ಹುಲ್ಲಿನ ಉಂಡೆ ಕಟ್ಟುತ್ತವೆ. ಏವಿಯರಿಯಲ್ಲಿ ಏನನ್ನು ತೂಗುಹಾಕಬೇಕು ಎಂಬುದಕ್ಕೆ ಮುಕ್ಕಾಲು ಉತ್ತರ ಇಲ್ಲೇ ಇದೆ.

ಝೀಬ್ರಾ ಆಸ್ಟ್ರೇಲಿಯದ ಒಣನಾಡಿನ ಹಕ್ಕಿ. ಮಳೆ ಬಿದ್ದು ಹುಲ್ಲು ತೆನೆಗಟ್ಟಿದಾಗ ಮುಳ್ಳುಪೊದೆಯಲ್ಲಿ ಹುಲ್ಲಿನ ಗುಮ್ಮಟ ಕಟ್ಟಿ ಪಕ್ಕದಲ್ಲಿ ಚಿಕ್ಕ ಸುರಂಗದಂಥ ಬಾಗಿಲಿಡುತ್ತದೆ. ಪೊದೆ ಸಿಗದಿದ್ದರೆ ಪೊಟರೆಯೂ ಆದೀತು, ಹದ್ದಿನಂಥ ದೊಡ್ಡ ಹಕ್ಕಿಯ ಗೂಡಿನ ತಳದ ಕಡ್ಡಿಗಳ ಸಂದಿಯೂ ಆದೀತು. ನ್ಯೂ ಸೌತ್ ವೇಲ್ಸ್‌ನ ಫೌಲರ್ಸ್ ಗ್ಯಾಪ್ ಎಂಬ ಒಣಪ್ರದೇಶದ ಸಂಶೋಧನಾ ಕೇಂದ್ರದಲ್ಲಿ ಸೈಮನ್ ಗ್ರಿಫಿತ್ ಮತ್ತು ಸಂಗಡಿಗರು ಕಾಡಿನ ಝೀಬ್ರಾಗಳಿಗೆ ಮರದ ಪೆಟ್ಟಿಗೆಗಳನ್ನು ಇಟ್ಟು ನೋಡಿದರು. ಹಕ್ಕಿಗಳು ಅವನ್ನು ಸಲೀಸಾಗಿ ಒಪ್ಪಿಕೊಂಡವು, ಪೊದೆಯ ಗೂಡುಗಳಿಗಿಂತ ಪೆಟ್ಟಿಗೆಯ ಗೂಡುಗಳು ಬೇಟೆಗಾರ ಪ್ರಾಣಿಗಳಿಂದ ಹೆಚ್ಚು ಉಳಿದವು. 2008ರಲ್ಲಿ ಈ ವರದಿ ಪ್ರಕಟವಾಯಿತು. ಸಾಕಿದವರ ಮನೆಯಲ್ಲಿ ಝೀಬ್ರಾ ಏನು ಕೊಟ್ಟರೂ ಸೈ ಎನ್ನುವುದಕ್ಕೆ ಕಾರಣ ಸಾಕಣೆಯ ಪಳಗು ಒಂದೇ ಅಲ್ಲ, ಕಾಡಿನಲ್ಲೇ ಅದಕ್ಕೆ ಆ ಹೊಂದಾಣಿಕೆ ಇತ್ತು. ಐದು ಆರು ಅಂಗುಲದ ಚೌಕ ಪೆಟ್ಟಿಗೆ, ಮುಂಭಾಗ ಅರ್ಧ ತೆರೆದದ್ದು, ಅದಕ್ಕೆ ಸಾಕು. ಬೆಂಗಾಲಿಗೂ ಇದೇ ನಡೆಯುತ್ತದೆ. ಬೆಂಗಾಲಿಗಳದು ಒಂದೇ ತೊಂದರೆ: ರಾತ್ರಿ ಎಲ್ಲವೂ ಒಂದೇ ಗೂಡಿಗೆ ನುಗ್ಗಿ ಒತ್ತೊತ್ತಾಗಿ ಮಲಗುತ್ತವೆ, ಮೊಟ್ಟೆ ಅಡಿಯಲ್ಲಿ ಸಿಕ್ಕಿ ಒಡೆಯುತ್ತದೆ. ಮರಿ ಬೇಕಾದರೆ ಅವನ್ನು ಜೋಡಿ ಜೋಡಿಯಾಗಿ ಬೇರೆ ಇಡುವುದೇ ದಾರಿ.

ಗೋಲ್ಡಿಯನ್ ಕಥೆ ಬೇರೆಯೇ. ಉತ್ತರ ಆಸ್ಟ್ರೇಲಿಯದ ನೀಲಗಿರಿ ಜಾತಿಯ ಮರಗಳ ಪೊಟರೆಗಳಲ್ಲಿ ಅದರ ಸಂಸಾರ. ಒಳಗೆ ಹುಲ್ಲು ಹಾಸುವುದು ಬಹಳ ಕಡಿಮೆ, ಕೆಲವೊಮ್ಮೆ ಏನೂ ಇರುವುದಿಲ್ಲ. ಆ ಪೊಟರೆ ಎಷ್ಟು ಕತ್ತಲೆಂದರೆ, ಮರಿಗಳ ಬಾಯಂಚಿನಲ್ಲಿ ನೀಲಿ ಮಣಿಗಳಂಥ ಗಂಟುಗಳಿದ್ದು, ಒಳಗೆ ನುಸುಳುವ ಅಲ್ಪ ಬೆಳಕನ್ನೇ ಅವು ಪ್ರತಿಫಲಿಸುತ್ತವೆ. ಪಶ್ಚಿಮ ಆಸ್ಟ್ರೇಲಿಯದ ವಿಂಡಮ್ ಊರಿನ ಸುತ್ತ ಈ ಹಕ್ಕಿಯ ಗೂಡುಗಳನ್ನು ಸಂಶೋಧಕರು ಅಧ್ಯಯನ ಮಾಡಿದಾಗ, ಒಳ್ಳೆಯ ಪೊಟರೆಗಳಿಗಾಗಿ ಉದ್ದಬಾಲದ ಫಿಂಚ್ ಎಂಬ ಇನ್ನೊಂದು ಹಕ್ಕಿಯೊಡನೆ ಅದಕ್ಕೆ ಪೈಪೋಟಿ ಇರುವುದು ಕಂಡಿತು. ಗೋಲ್ಡಿಯನ್ ಮೆಚ್ಚುವ ಪೊಟರೆಯ ಅಳತೆಗೆ ತಕ್ಕಂತೆ ಪೆಟ್ಟಿಗೆ ಮಾಡಿ ಮರಗಳಿಗೆ ಕಟ್ಟಿದಾಗ ಮರಿಗಳ ಸಂಖ್ಯೆ ಹೆಚ್ಚಿತು. ಬ್ರೇಜಿಲ್-ಬೋಸ್ಟ್, ಪ್ರೈಕ್ ಮತ್ತು ಗ್ರಿಫಿತ್ ಇದನ್ನು 2013ರಲ್ಲಿ ವರದಿ ಮಾಡಿದರು. ಅಪಾಯದಲ್ಲಿದ್ದ ಒಂದು ಕಾಡುಹಕ್ಕಿಗೆ ಪೆಟ್ಟಿಗೆಯ ಅಳತೆ ಇಷ್ಟು ಮುಖ್ಯವಾದರೆ, ಜಾಲರಿಯೊಳಗೆ ಬೇರೆ ಆಯ್ಕೆಯೇ ಇಲ್ಲದ ಹಕ್ಕಿಗೆ ಅದು ಇನ್ನೆಷ್ಟು ಮುಖ್ಯ! ಆದ್ದರಿಂದ ಗೋಲ್ಡಿಯನ್‌ಗೆ ಝೀಬ್ರಾ ಪೆಟ್ಟಿಗೆ ಕೊಡಬಾರದು. ಸುಮಾರು ಆರು ಅಂಗುಲ ಅಗಲ, ಎಂಟು ಅಂಗುಲದಷ್ಟು ಆಳ, ಎರಡು ಅಂಗುಲದ ದುಂಡು ಬಾಗಿಲು, ಸಾಧ್ಯವಾದರೆ ಬಾಗಿಲ ಒಳಗೆ ಒಂದು ತಡೆಹಲಗೆ ಇಟ್ಟು ಮೊಟ್ಟೆಯ ಜಾಗವನ್ನು ಹಿಂದಕ್ಕೆ, ಕತ್ತಲಿಗೆ ಸರಿಸಬೇಕು. ಒಂದು ಹಿಡಿ ಒಣಹುಲ್ಲನ್ನು ನಾವೇ ಒತ್ತಿ ಕುಳಿ ಮಾಡಿಟ್ಟರೆ ಒಳ್ಳೆಯದು, ಏಕೆಂದರೆ ಅದು ತಾನಾಗಿ ಹೆಚ್ಚು ತುಂಬುವುದಿಲ್ಲ, ಬರಿ ಹಲಗೆಯ ಮೇಲೆ ಮೊಟ್ಟೆ ಉರುಳುತ್ತದೆ.

ಆಫ್ರಿಕದ ಕಾರ್ಡನ್ ಬ್ಲೂ ಮತ್ತು ಅದರ ಸಂಬಂಧಿಗಳಿಗೆ ಪೆಟ್ಟಿಗೆಗಿಂತ ಪೊದೆ ಮುಖ್ಯ. ಏವಿಯರಿಯ ಒಂದು ಮೂಲೆಯನ್ನು ಇವುಗಳಿಗಾಗಿ ಬಿಟ್ಟುಕೊಡಬೇಕು. ಬೇರೆ ದೇಶಗಳ ಸಾಕಣೆಗಾರರು ಒಣ ಕುರುಚಲು ಕೊಂಬೆಗಳ ಕಂತೆಯನ್ನು ನೆಲದಿಂದ ಛಾವಣಿಯವರೆಗೆ ನಿಲ್ಲಿಸಿ ಕಟ್ಟುತ್ತಾರೆ. ನಮ್ಮಲ್ಲಿ ಅದಕ್ಕೆ ಸರ್ವೆ ಮರದ ರೆಂಬೆ ಹೇಳಿಮಾಡಿಸಿದ ವಸ್ತು. ಕರಾವಳಿಯ ಉದ್ದಕ್ಕೂ ನೆಟ್ಟಿರುವ ಈ ಮರ ಒಣಗಿದರೂ ಅದರ ಸಣ್ಣ ಕಡ್ಡಿಗಳು ಒತ್ತಾಗಿ ಉಳಿಯುತ್ತವೆ, ಹಕ್ಕಿ ನಡುವೆ ನುಸುಳಿ ಉಂಡೆ ಕಟ್ಟಲು ಆಧಾರ ಸಿಗುತ್ತದೆ. ಬಿದಿರಿನ ಮೇಲುಗರಿ, ಒಣ ತುಳಸಿಗಿಡ, ಪೊರಕೆ ಕಡ್ಡಿಯ ಸಡಿಲ ಕಂತೆ, ಇವೂ ನಡೆಯುತ್ತವೆ. ಕಂತೆಯೊಳಗೆ ಒಂದೆರಡು ಬೆತ್ತದ ಗೂಡುಗಳನ್ನು ಅರ್ಧ ಕಾಣುವಂತೆ ಹುದುಗಿಸಿಟ್ಟರೆ ಅಂಜುಬುರುಕ ಜೋಡಿಯೂ ಧೈರ್ಯ ಮಾಡುತ್ತದೆ. ಬಟಾಬಯಲಿನಂಥ ಏವಿಯರಿಯಲ್ಲಿ ಸಾಲಾಗಿ ತೂಗುವ ಪೆಟ್ಟಿಗೆಗಳು ನಮ್ಮ ಕಣ್ಣಿಗೆ ಅಚ್ಚುಕಟ್ಟು, ಈ ಹಕ್ಕಿಗಳಿಗೆ ಮಾತ್ರ ಅಲ್ಲಿ ಅಡಗಲು ಎಡೆಯಿಲ್ಲ.

ಇಲ್ಲಿ ಗೀಜಗದ ಗೂಡಿನ ಮಾತು ಬರುತ್ತದೆ. ನಮ್ಮ ಬಯಲುಸೀಮೆಯ ಬಿಳಿಗಂಟಲಿನ ರಾಟವಾಳ ಗೀಜಗ ಬಿಟ್ಟುಹೋದ ಗೂಡಿನಲ್ಲಿ ಸಂಸಾರ ಹೂಡುವುದುಂಟು. ಆಫ್ರಿಕದ ಕಟ್‌ಥ್ರೋಟ್ ಫಿಂಚ್ ಕೂಡ ಅಲ್ಲಿನ ನೇಕಾರ ಹಕ್ಕಿಗಳ ಹಳೆಯ ಗೂಡುಗಳನ್ನೇ ನೆಚ್ಚುತ್ತದೆ. ಹಾಗೆಂದು ಮರದಿಂದ ಗೀಜಗದ ಗೂಡು ಕೊಯ್ದು ತಂದು ಏವಿಯರಿಯಲ್ಲಿ ಕಟ್ಟುವುದು ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಗಳ ಮೊಟ್ಟೆ ಗೂಡುಗಳನ್ನು ಕದಡುವುದನ್ನೂ ಬೇಟೆ ಎಂದೇ ಎಣಿಸುತ್ತದೆ. ರಾಟವಾಳಗಳನ್ನು ಹಿಡಿಯುವುದು, ಮಾರುವುದು, ಸಾಕುವುದು ನಿಷಿದ್ಧ. ಬಣ್ಣ ಬಳಿದು ಮಾರುವ ರಾಟವಾಳಗಳನ್ನು ಅಯ್ಯೋ ಪಾಪ ಎಂದು ಕೊಂಡರೂ ಆ ದಂಧೆಗೇ ನೀರೆರೆದಂತೆ. ಹೊರದೇಶದ ಜಾತಿಗಳಲ್ಲೂ ಜಾವಾ ಗುಬ್ಬಿ 1997ರಿಂದ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ, ಅದರಡಿ ಬಂದ 2024ರ ನಿಯಮಗಳ ಪ್ರಕಾರ ಅದನ್ನು ಸಾಕುವವರು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು, ಮರಿಯಾದರೆ ಅದನ್ನೂ ತಿಳಿಸಬೇಕು. ಜಾವಾ ಗುಬ್ಬಿಗೆ ಪೆಟ್ಟಿಗೆ ಕಟ್ಟುವ ಮುನ್ನ ಈ ಕೆಲಸ ಆಗಿರಲಿ.

ಕ್ಯಾನರಿಗೆ ನಾಲ್ಕು ಅಂಗುಲ ಅಗಲದ ಬಟ್ಟಲು ಸಾಕು. ಹೆಣ್ಣೇ ಕಟ್ಟುತ್ತದೆ, ಹೆಣ್ಣೇ ಕಾವು ಕೂರುತ್ತದೆ. ದಿನಕ್ಕೊಂದರಂತೆ ಇಡುವ ಮೊಟ್ಟೆಗಳನ್ನು ತೆಗೆದು ಹುಸಿಮೊಟ್ಟೆ ಇಟ್ಟು, ನಾಲ್ಕನೆಯದಾದ ಮೇಲೆ ಎಲ್ಲವನ್ನೂ ಮರಳಿಸುವ ಹಳೆಯ ಪದ್ಧತಿಯಿಂದ ಮೊಟ್ಟೆಗಳು ಒಟ್ಟಿಗೆ ಒಡೆದು ಮರಿಗಳು ಸಮನಾಗಿ ಬೆಳೆಯುತ್ತವೆ.

ಇನ್ನು ಮಡಕೆ, ಪೆಟ್ಟಿಗೆ, ಬೆತ್ತದ ಗೂಡುಗಳ ನಡುವಿನ ವಾದ. ಬೆತ್ತದ ಗೂಡು ಅಗ್ಗ, ಗಾಳಿಯಾಡುತ್ತದೆ, ಹಕ್ಕಿಗಳಿಗೆ ಇಷ್ಟ. ಆದರೆ ನೇಯ್ಗೆಯ ಸಂದುಗೊಂದುಗಳಲ್ಲಿ ನುಸಿ ಮನೆಮಾಡುತ್ತದೆ, ಬೆಳೆದ ಉಗುರು ಸಿಕ್ಕಿಕೊಳ್ಳುತ್ತದೆ. ಒಂದು ಕಾವಿಗೆ ಬಳಸಿ ಸುಟ್ಟುಹಾಕುವಂತಿದ್ದರೆ ಮಾತ್ರ ಒಳ್ಳೆಯದು. ಪ್ಲೈವುಡ್ ಪೆಟ್ಟಿಗೆಯ ಮುಚ್ಚಳವನ್ನು ಮೇಲಿನಿಂದ ತೆರೆಯಬಹುದು, ಅಳತೆಯನ್ನು ಹಕ್ಕಿಗೆ ತಕ್ಕಂತೆ ಹೊಂದಿಸಬಹುದು, ಆದರೆ ಕೀಲಿನ ಬಿರುಕುಗಳನ್ನು ಮುಚ್ಚದಿದ್ದರೆ ಅಲ್ಲೂ ನುಸಿ. ಕುಂಬಾರರ ಮಡಕೆ ಬಿಸಿಲಿನಲ್ಲಿ ತಂಪು, ಕುದಿನೀರು ಹೊಯ್ದು ಬಿಸಿಲಿಗಿಟ್ಟರೆ ಸ್ವಚ್ಛ, ಇಲಿ ಕಡಿಯಲಾರದು. ಅದರ ದೋಷ ಎರಡು: ಒಳಮೈ ನುಣುಪಾದರೆ ಮರಿಯ ಕಾಲು ಜಾರಿ ಅಗಲಕ್ಕೆ ಹೋಗುತ್ತದೆ, ಮಲೆನಾಡಿನ ಜಡಿಮಳೆಯಲ್ಲಿ ತೇವ ಹೀರಿ ತಣ್ಣಗಾಗುತ್ತದೆ. ನನ್ನ ಮಟ್ಟಿಗೆ ಬಯಲುಸೀಮೆಗೆ ಮಡಕೆ, ಕರಾವಳಿ ಮಲೆನಾಡಿಗೆ ಮರದ ಪೆಟ್ಟಿಗೆ ಸರಿ. ತೆಂಗಿನ ಚಿಪ್ಪಿಗೆ ತೂತು ಮಾಡಿ ತೂಗುಹಾಕುವವರಿದ್ದಾರೆ. ನಾಲ್ಕೈದು ಮರಿಗಳಿಗೆ ಅದು ಇಕ್ಕಟ್ಟು, ಚಿಕ್ಕ ಜಾತಿಗಳು ಮಲಗಲಷ್ಟೇ ಸಾಕು. ಯಾವುದೇ ಆಗಲಿ, ಬಾಗಿಲಿನ ಹೊಸ್ತಿಲು ಒಳಗಿನ ತಳಕ್ಕಿಂತ ಎರಡು ಮೂರು ಅಂಗುಲವಾದರೂ ಎತ್ತರ ಇರಬೇಕು. ರೆಕ್ಕೆ ಬಲಿಯುವ ಮೊದಲೇ ಮರಿಗಳು ಕೆಳಗೆ ಬಿದ್ದ ದೂರುಗಳಲ್ಲಿ ಹೆಚ್ಚಿನವಕ್ಕೆ ತಗ್ಗಾದ ಹೊಸ್ತಿಲೋ, ಹುಲ್ಲು ತುಂಬಿ ತಳವೇ ಹೊಸ್ತಿಲ ಮಟ್ಟಕ್ಕೆ ಬಂದದ್ದೋ ಕಾರಣ.

ಕಟ್ಟುವ ಸಾಮಗ್ರಿಯ ವಿಷಯದಲ್ಲಿ ಸಾಕಣೆಗಾರರ ಅನುಭವದ ಜೊತೆಗೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಸೂ ಹೀಲಿ ಮತ್ತು ಅವರ ಬಳಗ ಝೀಬ್ರಾಗಳ ಮೇಲೆ ಮಾಡಿದ ಪ್ರಯೋಗಗಳಿವೆ. ಎಳೆಗಳನ್ನು ಹೊತ್ತು ತಂದು ಕಟ್ಟುವುದು ಮುಖ್ಯವಾಗಿ ಗಂಡಿನ ಕೆಲಸ. ಬಳುಕುವ ದಾರ ಮತ್ತು ಸೆಟೆದ ದಾರ ಎರಡನ್ನೂ ಕೊಟ್ಟು ನೋಡಿದಾಗ, ಒಮ್ಮೆ ಕಟ್ಟಿ ಅನುಭವವಾದ ಗಂಡುಗಳು ಸೆಟೆದದ್ದನ್ನೇ ಆರಿಸಿದವು. ಅದರಲ್ಲಿ ಕಡಿಮೆ ಎಳೆಗಳಿಗೆ ಗೂಡು ಮುಗಿಯುತ್ತದೆ. ಈ ಫಲಿತಾಂಶ 2014ರಲ್ಲಿ ಬಂತು. ಮರುವರ್ಷದ ಇನ್ನೊಂದು ವರದಿಯಲ್ಲಿ, ಪಂಜರದ ಗೋಡೆಯ ಬಣ್ಣಕ್ಕೆ ಹೊಂದುವ ಬಣ್ಣದ ಎಳೆಗಳನ್ನೇ ಗಂಡುಗಳು ಹೆಚ್ಚು ಬಳಸಿದ್ದು ಕಂಡಿತು. ಗೂಡು ಕಣ್ಣಿಗೆ ಬೀಳದಿರಲಿ ಎಂಬ ಎಚ್ಚರ ತಲೆಮಾರುಗಟ್ಟಲೆ ಪಂಜರದಲ್ಲೇ ಹುಟ್ಟಿದ ಹಕ್ಕಿಗಳಲ್ಲೂ ಉಳಿದಿದೆ. ಇದನ್ನು ಓದಿದ ಮೇಲೆ ಬಣ್ಣಬಣ್ಣದ ಉಣ್ಣೆಯ ಚೂರುಗಳನ್ನು ಚಂದಕ್ಕಾಗಿ ಹಾಕುವುದು ಹಕ್ಕಿಗೆ ಮಾಡುವ ಉಪಕಾರವಲ್ಲ ಎಂದು ತಿಳಿಯುತ್ತದೆ.

ಹಾಗಾದರೆ ಏನು ಕೊಡಬೇಕು? ಸ್ವಲ್ಪ ಸೆಟೆದ, ಸಣ್ಣ ಕಾಂಡದ ಒಣಹುಲ್ಲು ಎಲ್ಲಕ್ಕಿಂತ ಮೇಲು. ಗರಿಕೆಯ ಉದ್ದ ಬಳ್ಳಿ, ಕಾಳು ಉದುರಿಸಿದ ಸಾಮೆ ನವಣೆಗಳ ತೆನೆಕಡ್ಡಿ, ಲಾವಂಚದ ಬೇರು, ಎಲ್ಲ ನಮ್ಮ ಸುತ್ತಲೇ ಸಿಗುತ್ತವೆ. ತೆಂಗಿನ ನಾರು ಅಂಗಡಿಗಳಲ್ಲಿ ಹೆಚ್ಚು ಮಾರಾಟವಾಗುವುದು. ಹಕ್ಕಿಗಳೂ ಅದನ್ನು ಬಿಡುವುದಿಲ್ಲ. ನಾಲ್ಕು ಅಂಗುಲಕ್ಕಿಂತ ಉದ್ದದ ನಾರು ಕಾಲಿಗೆ ಸುತ್ತಿಕೊಂಡರೆ ರಕ್ತ ನಿಂತು ಬೆರಳೇ ಹೋಗುತ್ತದೆ, ಆದ್ದರಿಂದ ಕತ್ತರಿಸಿಯೇ ಹಾಕಬೇಕು. ಹೊಲಿಗೆ ದಾರ, ಕೂದಲು, ಗೋಣಿಯ ಬಿಡಿ ಎಳೆ, ಹತ್ತಿ ಬೇಡವೇ ಬೇಡ. ಹತ್ತಿ ಮೆತ್ತಗೆ ಕಂಡರೂ ಅದರ ಎಳೆಗಳು ಉಗುರಿಗೆ ಸಿಕ್ಕು ಮರಿಯನ್ನೇ ಹೊರಗೆಳೆಯುತ್ತವೆ. ಒಳಹಾಸಿಗೆ ಸ್ವಚ್ಛವಾದ ಸಣ್ಣ ಗರಿಗಳನ್ನು ಹಾಕಬಹುದು, ಝೀಬ್ರಾಗಳಿಗೆ ಅವೆಂದರೆ ಪ್ರಾಣ. ಹುಲ್ಲನ್ನು ಎಲ್ಲಿಂದ ತಂದರೂ ಕೀಟನಾಶಕ ಸಿಂಪಡಿಸಿದ ಹೊಲದ್ದಾಗಬಾರದು, ಬೂಷ್ಟು ಹಿಡಿದದ್ದಂತೂ ಕೂಡದು. ಬೂಷ್ಟಿನ ಕಣ ಉಸಿರಿನೊಡನೆ ಶ್ವಾಸಕೋಶ ಸೇರಿದರೆ ಹಕ್ಕಿ ಬದುಕುವುದು ಕಷ್ಟ. ಮಳೆಗಾಲದಲ್ಲಿ ಕೊಟ್ಟಿಗೆಯ ಅಟ್ಟದಿಂದ ಇಳಿಸಿದ ಹುಲ್ಲನ್ನು ಹಾಗೇ ಹಾಕುವ ರೂಢಿ ಮಲೆನಾಡಿನಲ್ಲಿ ಕೈಬಿಡಬೇಕಾದದ್ದು.

ಸಾಮಗ್ರಿಯನ್ನು ಯಾವಾಗ ನಿಲ್ಲಿಸಬೇಕು ಎಂಬುದು ಏನು ಕೊಡಬೇಕು ಎಂಬಷ್ಟೇ ದೊಡ್ಡ ಪ್ರಶ್ನೆ. ಹುಲ್ಲು ಕಣ್ಣಮುಂದೆ ಇರುವವರೆಗೆ ಝೀಬ್ರಾ ಗಂಡು ತಂದು ಹಾಕುತ್ತಲೇ ಇರುತ್ತದೆ. ಇಟ್ಟ ಮೊಟ್ಟೆಗಳ ಮೇಲೆ ಹೊಸ ಪದರ, ಅದರ ಮೇಲೆ ಮತ್ತೆ ಮೊಟ್ಟೆ, ಅಡಿಯವು ತಣ್ಣಗಾಗಿ ಕೆಡುತ್ತವೆ. ಮೊದಲ ಮೊಟ್ಟೆ ಕಂಡ ದಿನವೇ ಏವಿಯರಿಯಲ್ಲಿ ಉಳಿದ ಹುಲ್ಲನ್ನೆಲ್ಲ ಆರಿಸಿ ತೆಗೆದರೆ ಇದು ನಿಲ್ಲುತ್ತದೆ. ಹಲವು ಜೋಡಿಗಳಿರುವ ಕಡೆ ಒಂದು ಜೋಡಿ ಮೊಟ್ಟೆ ಇಡುವಾಗ ಇನ್ನೊಂದು ಕಟ್ಟುತ್ತಿರುತ್ತದೆ. ಅಲ್ಲಿ ಗೂಡುಗಳನ್ನೆಲ್ಲ ಒಂದೇ ದಿನ ತೂಗುಹಾಕಿ, ಎಲ್ಲ ಜೋಡಿಗಳೂ ಒಟ್ಟಿಗೆ ಶುರು ಮಾಡುವಂತೆ ನೋಡಿಕೊಳ್ಳುವುದು ಜಾಣತನ.

ಸ್ಥಳದ ವಿಚಾರಕ್ಕೆ ಬಂದರೆ, ಜೋಡಿಗಳ ಎರಡರಷ್ಟು ಗೂಡುಗಳಿರಲಿ ಎಂಬುದು ಬಹುತೇಕ ಎಲ್ಲ ಅನುಭವಿಗಳೂ ಒಪ್ಪುವ ಮಾತು. ಅದಕ್ಕಿಂತ ಮುಖ್ಯವಾಗಿ ಅವೆಲ್ಲ ಒಂದೇ ಎತ್ತರದಲ್ಲಿರಬೇಕು. ಒಂದು ಮೇಲೆ ಒಂದು ಕೆಳಗೆ ಇದ್ದರೆ ಎಲ್ಲವಕ್ಕೂ ಮೇಲಿನದೇ ಬೇಕು, ಬಲವಾದ ಜೋಡಿ ಅದನ್ನು ಹಿಡಿದು ಉಳಿದವನ್ನು ಓಡಿಸುತ್ತದೆ. ಎರಡು ಗೂಡುಗಳ ನಡುವೆ ಎರಡಡಿಯಾದರೂ ಅಂತರವಿರಲಿ, ಬಾಗಿಲುಗಳು ಎದುರುಬದುರಾಗದಿರಲಿ, ನಡುವೆ ಎಲೆಗಳ ಒಂದು ಮರೆಯಿದ್ದರೆ ಜಗಳ ಅರ್ಧಕ್ಕಿಳಿಯುತ್ತದೆ. ಗೂಡಿನ ನೇರ ಮೇಲೆ ಕೂರುವ ಕೋಲು ಬೇಡ, ಹಿಕ್ಕೆ ಬೀಳುತ್ತದೆ. ಕಾಳು ನೀರಿನ ಪಾತ್ರೆಗಳ ಹತ್ತಿರವೂ ಬೇಡ, ಅಲ್ಲಿ ದಿನವಿಡೀ ಗದ್ದಲ. ಝೀಬ್ರಾಗಳು ಪಕ್ಕದವರ ಗೂಡಿನಿಂದ ಹುಲ್ಲು ಕದಿಯುತ್ತವೆ, ಪಕ್ಕದವರ ಗೂಡಿನಲ್ಲಿ ಮೊಟ್ಟೆಯನ್ನೂ ಇಟ್ಟುಬರುತ್ತವೆ. ಸೂಕ್ಷ್ಮ ಸ್ವಭಾವದ ಆಫ್ರಿಕದ ಜಾತಿಗಳನ್ನು ಇವುಗಳ ಜೊತೆಗಿಟ್ಟು ಮರಿ ನಿರೀಕ್ಷಿಸುವುದು ವ್ಯರ್ಥ.

ದಿಕ್ಕಿನ ವಿಷಯದಲ್ಲಿ ವಿದೇಶಿ ಪುಸ್ತಕಗಳ ಸಲಹೆ ನಮಗೆ ಹಾಗೇ ಹೊಂದುವುದಿಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಳಿ ಬೀಸುವುದು ನೈಋತ್ಯದಿಂದ, ಸುಡುವ ಇಳಿಬಿಸಿಲು ಬರುವುದೂ ಪಶ್ಚಿಮದಿಂದಲೇ. ಹೀಗಾಗಿ ಆ ಬದಿಯನ್ನು ಗೋಡೆ ಅಥವಾ ತೆಂಗಿನ ತಡಿಕೆಯಿಂದ ಮುಚ್ಚಿ, ಗೂಡಿನ ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ತಿರುಗಿರಬೇಕು. ತಗಡಿನ ಛಾವಣಿಗೆ ಒತ್ತಿ ಗೂಡು ಕಟ್ಟುವುದು ಬೇಸಿಗೆಯಲ್ಲಿ ಮರಿಗಳನ್ನು ಬೇಯಿಸಿದಂತೆ. ಒಂದಡಿಯಾದರೂ ಕೆಳಗಿಳಿಸಿ, ತಗಡಿನ ಮೇಲೆ ತೆಂಗಿನ ಗರಿ ಹಾಸಬೇಕು. ಬಿಸಿಯ ಪರಿಣಾಮ ಮೊಟ್ಟೆಯೊಳಗಿನಿಂದಲೇ ಶುರುವಾಗುತ್ತದೆ. ಮಿಲೆನ್ ಮರಿಯೆಟ್ ಮತ್ತು ಕ್ಯಾಥರಿನ್ ಬುಕಾನನ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಾಳಿಯ ಉಷ್ಣತೆ 26 ಡಿಗ್ರಿ ದಾಟಿದಾಗ ಝೀಬ್ರಾ ತಂದೆತಾಯಿಗಳು ಒಡೆಯುವ ಹೊತ್ತಿಗೆ ಬಂದ ಮೊಟ್ಟೆಗಳಿಗೆ ವಿಶೇಷವಾದ ಒಂದು ಕರೆ ಕೇಳಿಸುತ್ತವೆ ಎಂದು ತಿಳಿಯಿತು. ಆ ಕರೆ ಕೇಳಿದ ಮರಿಗಳು ಬಿಸಿಗೂಡಿನಲ್ಲಿ ಚಿಕ್ಕ ಮೈಯವಾಗಿ ಬೆಳೆದವು, ಸೆಕೆಗೆ ಅದೇ ಅನುಕೂಲ. ಹಾಗೆಂದು ಕಲಬುರಗಿ, ರಾಯಚೂರಿನ 40 ಡಿಗ್ರಿ ಮೀರುವ ಏಪ್ರಿಲ್ ಮೇ ತಿಂಗಳನ್ನು ಈ ಹಕ್ಕಿ ತಾನೇ ನಿಭಾಯಿಸಲಿ ಎಂದು ಬಿಡಲಾಗದು. ಆ ತಿಂಗಳುಗಳಲ್ಲಿ ಗೂಡು ಇಳಿಸಿಡುವುದೇ ಕ್ಷೇಮ. ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್‌ನಿಂದ ಫೆಬ್ರವರಿಯ ಕೊನೆಯವರೆಗಿನ ಅವಧಿ ನಮ್ಮ ಬಯಲುಸೀಮೆಗೆ ಸೂಕ್ತ.

ಗೂಡಿನ ಶತ್ರುಗಳಲ್ಲಿ ಕಣ್ಣಿಗೆ ಕಾಣದ್ದು ಕೆಂಪು ನುಸಿ. ಹಗಲು ಪೆಟ್ಟಿಗೆಯ ಬಿರುಕಿನಲ್ಲಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಎಳೆಮರಿ ರಕ್ತಹೀನವಾಗಿ ಸಾಯುತ್ತದೆ, ಕಾವು ಕೂತ ಹೆಣ್ಣು ಗೂಡು ಬಿಟ್ಟೇಳುತ್ತದೆ. ರಾತ್ರಿ ಟಾರ್ಚ್ ಹಿಡಿದು ಪೆಟ್ಟಿಗೆಯ ಕೀಲುಗಳನ್ನು ನೋಡಿದರೆ ಗೊತ್ತಾಗುತ್ತದೆ. ಪ್ರತಿ ಕಾವಿನ ನಂತರ ಹಳೆಯ ಹುಲ್ಲು ಸುಟ್ಟು, ಗೂಡಿಗೆ ಕುದಿನೀರು, ಆಮೇಲೆ ಬಿಸಿಲು, ಇದಕ್ಕಿಂತ ಒಳ್ಳೆಯ ಔಷಧಿಯಿಲ್ಲ. ಇರುವೆ ಮರಿಗಳನ್ನು ಜೀವಂತ ತಿನ್ನುತ್ತದೆ. ಏವಿಯರಿಯ ಕಂಬಗಳ ಬುಡಕ್ಕೆ ನೀರಿನ ಕಟ್ಟೆ ಅಥವಾ ಗ್ರೀಸ್ ಹಚ್ಚಿದ ಪಟ್ಟಿ ಇರಬೇಕು. ಹಾವು, ಇಲಿಮರಿಗಳಿಗೆ ಅರ್ಧ ಅಂಗುಲದ ಜಾಲರಿ ತಡೆಯಲ್ಲ. ಕಾಲು ಅಂಗುಲದ್ದು ದುಬಾರಿಯೆನಿಸಿದರೆ ನೆಲದಿಂದ ಮೂರಡಿಯವರೆಗಾದರೂ ಅದನ್ನು ಎರಡನೇ ಪದರವಾಗಿ ಹೊದಿಸಬೇಕು. ಬೆಕ್ಕು ಜಾಲರಿಯ ಮೇಲೆ ಹಾರಿದಾಗ ಕಾವು ಕೂತ ಹೆಣ್ಣು ಕತ್ತಲಲ್ಲಿ ಹೊರಬಂದು ಮರಳಿ ದಾರಿ ಕಾಣದೆ ಬೆಳಗಿನವರೆಗೆ ಮೊಟ್ಟೆ ತಣ್ಣಗಾಗುತ್ತದೆ. ಒಂದು ಮಂದ ದೀಪ ರಾತ್ರಿಯಿಡೀ ಉರಿಯುತ್ತಿದ್ದರೆ ಇದು ತಪ್ಪುತ್ತದೆ.

ಗೂಡಿನೊಳಗೆ ಇಣುಕಬೇಕೇ ಬೇಡವೇ? ಝೀಬ್ರಾ, ಬೆಂಗಾಲಿಗಳು ಸಹಿಸುತ್ತವೆ, ಹೆಣ್ಣು ಮೇವಿಗೆ ಹೊರಬಂದಾಗ ದಿನಕ್ಕೊಮ್ಮೆ ನೋಡಬಹುದು. ಕಾರ್ಡನ್ ಬ್ಲೂ ಸಹಿಸುವುದಿಲ್ಲ. ಅಲ್ಲಿ ಮೊಟ್ಟೆಯ ಎಣಿಕೆ ತಿಳಿಯುವ ಆಸೆಯನ್ನೇ ಬಿಡಬೇಕು. ಗೋಲ್ಡಿಯನ್ ಕಾವು ಕೂರದಿದ್ದಾಗ ಅದರ ಮೊಟ್ಟೆಗಳನ್ನು ಬೆಂಗಾಲಿಗಳ ಗೂಡಿಗೆ ದಾಟಿಸುವ ಪದ್ಧತಿ ಜಪಾನಿನಲ್ಲಿ ವ್ಯಾಪಕವಾಗಿ ನಡೆದುಬಂತು. ಬೆಂಗಾಲಿ ಅಷ್ಟು ಒಳ್ಳೆಯ ಸಾಕುತಾಯಿ. ಆದರೆ ಹಾಗೆ ಬೆಳೆದ ಗೋಲ್ಡಿಯನ್‌ಗಳು ದೊಡ್ಡವಾದ ಮೇಲೆ ಬೆಂಗಾಲಿಗಳನ್ನೇ ಜೊತೆಗಾರರೆಂದು ತಿಳಿಯುವುದುಂಟು, ತಮ್ಮ ಮೊಟ್ಟೆಗಳನ್ನು ತಾವೇ ಕಾಯದ ಹಕ್ಕಿಗಳ ತಳಿಯೇ ಮುಂದುವರಿಯುತ್ತದೆ. ಸರಿಯಾದ ಕತ್ತಲೆ ಪೆಟ್ಟಿಗೆಯನ್ನು ಕೊಟ್ಟು ಕಾಯುವ ಬದಲು ಹಿಡಿದ ಅಡ್ಡದಾರಿ ಅದು ಎಂದೇ ನನ್ನ ಅಭಿಪ್ರಾಯ.

ಕೊನೆಯ ಭಿನ್ನಾಭಿಪ್ರಾಯ ಗೂಡನ್ನು ಇಳಿಸುವ ಬಗ್ಗೆ. ಕಾಡಿನಲ್ಲಿ ಝೀಬ್ರಾಗಳು ಮಲಗಲೂ ಗೂಡು ಬಳಸುತ್ತವೆ, ಚಳಿಗಾಲದಲ್ಲಿ ಅದನ್ನು ಕಿತ್ತುಕೊಳ್ಳುವುದು ಕ್ರೌರ್ಯ ಎನ್ನುವವರಿದ್ದಾರೆ. ಅವರ ಕಾಳಜಿ ನಿಜವಾದದ್ದು. ಆದರೆ ಗೂಡು ಇದ್ದರೆ ಝೀಬ್ರಾ ಮೊಟ್ಟೆ ಇಡುತ್ತದೆ, ಇಟ್ಟುಕೊಂಡೇ ಹೋಗುತ್ತದೆ. ಒಂದು ಸಲಕ್ಕೆ ನಾಲ್ಕರಿಂದ ಆರು ಮೊಟ್ಟೆ, ಹನ್ನೆರಡರಿಂದ ಹದಿನಾಲ್ಕು ದಿನ ಕಾವು, ಮೂರು ವಾರಕ್ಕೆ ಮರಿ ಹೊರಗೆ, ಅಷ್ಟರಲ್ಲೇ ತಾಯಿ ಮುಂದಿನ ಮೊಟ್ಟೆಗೆ ಸಿದ್ಧ. ಸಮುದ್ರಫೇನ, ಮೊಟ್ಟೆಯ ಚಿಪ್ಪು ಎಷ್ಟು ಕೊಟ್ಟರೂ ಮೈಯ ಸುಣ್ಣ ಬರಿದಾಗುತ್ತದೆ. ಮೊಟ್ಟೆ ಹೊರಬರದೆ ಸಿಕ್ಕಿಕೊಂಡು ಹೆಣ್ಣು ನೆಲದ ಮೂಲೆಯಲ್ಲಿ ಗರಿ ಉಬ್ಬಿಸಿ ಕೂರುತ್ತದೆ, ಎಷ್ಟೋ ಸಲ ಅಂದೇ ಸಾಯುತ್ತದೆ. ವರ್ಷಕ್ಕೆ ಮೂರು ಕಾವು ಮುಗಿದ ಮೇಲೆ ಗೂಡುಗಳನ್ನೆಲ್ಲ ಇಳಿಸಬೇಕು ಎಂಬ ಪಕ್ಷಕ್ಕೇ ನಾನು ಸೇರಿದವ. ಚಳಿಗೆ ಬೇಕಾದರೆ ಮೂರು ಬದಿ ಮುಚ್ಚಿದ ಬರಿ ಹಲಗೆಯ ಮೂಲೆಯನ್ನು, ಒಂದೆಳೆ ಹುಲ್ಲೂ ಇಲ್ಲದೆ, ಮಲಗಲು ಕೊಡಬಹುದು. ಅಲ್ಲೂ ಮೊಟ್ಟೆ ಇಡತೊಡಗಿದರೆ ಗಂಡು ಹೆಣ್ಣುಗಳನ್ನು ಎರಡು ಮನೆಗಳಿಗೆ ಬೇರ್ಪಡಿಸಿ, ಮೊಟ್ಟೆಯ ಮೇವು ನಿಲ್ಲಿಸಿ, ನವಣೆ ಸಾಮೆಗಳ ಸಾದಾ ಕಾಳಿನ ಮೇಲೆ ಎರಡು ಮೂರು ತಿಂಗಳು ಇಡಬೇಕು. ಗೂಡನ್ನು ಮತ್ತೆ ತೂಗುಹಾಕುವ ಮೊದಲು, ಹಿಂದಿನ ಮೂರು ಕಾವಿನ ಮರಿಗಳಿಗೆ ಜಾಗ ಸಿಕ್ಕಿದೆಯೇ, ಒಂದೇ ತಾಯಿಯ ಮರಿಗಳು ಅದೇ ಏವಿಯರಿಯಲ್ಲಿ ಜೋಡಿಯಾಗುತ್ತಿಲ್ಲವೇ ಎಂದು ನೋಡಿಕೊಳ್ಳಬೇಕು. ಅವು ಎರಡು ಮೂರು ತಿಂಗಳಿಗೇ ಪ್ರಾಯಕ್ಕೆ ಬರುತ್ತವೆ.